ಐಸ್‌ಲ್ಯಾಂಡಿನಲ್ಲಿ ಬಾಡಿಗೆ ಕಾರು: ಯಾವ ಇನ್ಶೂರೆನ್ಸ್ ಬೇಕು, ಯಾವುದು ಬೇಡ

ಐಸ್‌ಲ್ಯಾಂಡ್ ದ್ವೀಪವನ್ನು ಒಂದು ಸುತ್ತು ಹಾಕಿಸುವ ರಿಂಗ್ ರೋಡ್ ಸುಮಾರು 1,300 ಕಿ.ಮೀ. ಉದ್ದ. ಕಾರಿದ್ದರೆ ಮನಸ್ಸು ಬಂದಲ್ಲಿ ನಿಲ್ಲಿಸಬಹುದು, ಅದಕ್ಕೇ ನಾವೂ ಬಾಡಿಗೆಗೆ ಹಿಡಿದೆವು. ಕೆಫ್ಲವಿಕ್ ವಿಮಾನ ನಿಲ್ದಾಣದಲ್ಲಿ ಇಳಿದು, ಕಣ್ಣು ತೂಗುತ್ತಾ ಕೌಂಟರಿಗೆ ಹೋದರೆ ಇನ್ಶೂರೆನ್ಸ್ ಪಟ್ಟಿ ಮುಂದಿಟ್ಟರು. ಹಿಂದೆ ಕ್ಯೂ ಬೇರೆ. ಆ ಹೊತ್ತಿನಲ್ಲಿ ಯೋಚನೆ ಮಾಡೋದು ಕಷ್ಟ. ನೀವು ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಥರ್ಡ್ ಪಾರ್ಟಿ ಕಡ್ಡಾಯ, ಬಾಡಿಗೆಯಲ್ಲೇ ಸೇರಿರುತ್ತದೆ. ಸಿಡಿಡಬ್ಲ್ಯೂ, ಅಂದರೆ ಬಾಡಿಗೆ ಕಾರಿಗೇ ಆಗುವ ಹಾನಿಯ ಕವರ್ (ಕೊಲಿಷನ್ ಡ್ಯಾಮೇಜ್ ವೇವರ್), ಕೂಡ ಸಾಮಾನ್ಯವಾಗಿ ಸೇರಿರುತ್ತದೆ. ಅದಿದ್ದರೂ ರಿಪೇರಿಯ ಖರ್ಚಿನಲ್ಲಿ ಒಂದು ಮೊತ್ತದವರೆಗೆ ನೀವೇ ಕೊಡಬೇಕು. ಅದೇ ಎಕ್ಸೆಸ್. ಅದು ಲಕ್ಷಗಟ್ಟಲೆ ಕ್ರೋನಾ (ಅಲ್ಲಿನ ಹಣ) ಇರಬಹುದು. ಎಸ್‌ಸಿಡಿಡಬ್ಲ್ಯೂ (ಸೂಪರ್ ಸಿಡಿಡಬ್ಲ್ಯೂ) ತೆಗೆದುಕೊಂಡರೆ ಈ ಎಕ್ಸೆಸ್ ಇಳಿಯುತ್ತದೆ, ಸಾಮಾನ್ಯವಾಗಿ ಅಷ್ಟೇ. ಮೊದಲು ಕವರ್ ಆಗದೇ ಇದ್ದದ್ದು ಆಮೇಲೂ ಆಗುವುದಿಲ್ಲ.

ಹಾಗಾಗಿ ಹೆಸರು ನೋಡಿ ದುಡ್ಡು ಕೊಡಬೇಡಿ, ಯಾವುದಕ್ಕೆ ಅನ್ವಯಿಸುವುದಿಲ್ಲ ಅನ್ನೋದನ್ನು ಓದಿ. ರಾಜಧಾನಿ ರೇಕ್ಯವಿಕ್ ದಾಟಿದ ಮೇಲೆ ರಸ್ತೆಯಲ್ಲಿ ಗುದ್ದಲು ಇನ್ನೊಂದು ಕಾರು ಸಿಗುವುದೇ ಅಪರೂಪ. ಅಲ್ಲಿ ಕಾರು ಕೆಡುವುದು ಕಲ್ಲು, ಗಾಳಿ, ಮರಳು, ನೀರಿನಿಂದ. ಬರೀ ಸಿಡಿಡಬ್ಲ್ಯೂ ಇವಕ್ಕೆ ಸಾಲುವುದಿಲ್ಲ.

ಗ್ರಾವೆಲ್ ಪ್ರೊಟೆಕ್ಷನ್, ಅಂದರೆ ಜಲ್ಲಿ ಬಡಿದು ಆಗುವ ಹಾನಿಯ ಕವರ್, ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಎದುರಿನ ಗಾಡಿಯ ಚಕ್ರದಿಂದ ಹಾರಿದ ಜಲ್ಲಿ ಗಾಜಿಗೆ ಟಕ್ ಅಂತ ಬಡಿಯುತ್ತದೆ, ನೋಡಿದರೆ ಸಾಸಿವೆಯಷ್ಟು ಗುರುತು. ಚಳಿಗೆ ಅದೇ ಬಿರುಕಾಗಿ ಬೆಳೆಯಬಹುದು. ಡಾಂಬರು ಮುಗಿಯುವಲ್ಲಿ ‘ಮಾಲ್ಬಿಕ್ ಎಂಡರ್’ ಅಂತ ಬೋರ್ಡ್ ಇರುತ್ತದೆ, ಅದು ಕಂಡ ಕೂಡಲೇ ವೇಗ ಇಳಿಸಿ. ಜಲ್ಲಿ ರಸ್ತೆಗೆ 80 ಕಿ.ಮೀ. ಮಿತಿ ಇದೆ ನಿಜ, ನನ್ನ ಪ್ರಕಾರ ಅದೂ ಜಾಸ್ತಿಯೇ. ಟೈರ್ ಮತ್ತು ಕಾರಿನ ತಳಭಾಗ ಇದರಲ್ಲಿ ಸೇರಿದೆಯಾ ಅಂತ ಬೇರೆಯಾಗಿ ಕೇಳಿ. ಬಹಳ ಕಡೆ ಸೇರಿರುವುದಿಲ್ಲ.

ಬಾಗಿಲಿನ ವಿಷಯ ನಮಗೆ ತಮಾಷೆ ಅನ್ನಿಸಿತ್ತು. ಕೌಂಟರಿನ ಹುಡುಗಿ ಹಿಂದಕ್ಕೆ ಮಡಚಿಹೋದ ಬಾಗಿಲಿನ ಫೋಟೋ ತೋರಿಸಿ, ‘ಗಾಳಿಗೆ ಹೀಗಾದರೆ ಪೂರ್ತಿ ಖರ್ಚು ನಿಮ್ಮದೇ’ ಅಂದಳು. ವಿಕ್‌ನ (ದಕ್ಷಿಣ ಕರಾವಳಿಯ ಊರು) ಪೆಟ್ರೋಲ್ ಬಂಕಿನಲ್ಲಿ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಗುವ ಹಾಗಾದಾಗ ಆ ಮಾತು ಅರ್ಥವಾಯಿತು. ಕಾರಿನ ಮೂತಿ ಗಾಳಿಗೆ ಎದುರಾಗಿರುವಂತೆ ನಿಲ್ಲಿಸಿ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ. ಒಬ್ಬರಾದ ಮೇಲೆ ಒಬ್ಬರು ಇಳಿಯಿರಿ. ಮಕ್ಕಳ ಕೈಗೆ ಬಾಗಿಲು ಕೊಡಲೇಬೇಡಿ.

ಮರಳು ಮತ್ತು ಜ್ವಾಲಾಮುಖಿ ಬೂದಿಯ ಕವರ್ ಎಲ್ಲರಿಗೂ ಬೇಕಿಲ್ಲ. ವಿಕ್ ದಾಟಿ ಪೂರ್ವಕ್ಕೆ ಹೋದರೆ ಮೈಲಿಗಟ್ಟಲೆ ಕಪ್ಪು ಮರಳಿನ ಬಯಲು. ಜೋರು ಗಾಳಿ ಎದ್ದರೆ ಆ ಮರಳು ಕಾರಿನ ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಆ ಕಡೆ ಹೋಗುವವರು ತೆಗೆದುಕೊಳ್ಳಿ, ರೇಕ್ಯವಿಕ್ ಸುತ್ತಮುತ್ತ ಮಾತ್ರ ನೋಡುವವರು ಬಿಡಬಹುದು. ಕವರ್ ಇದ್ದರೂ ಬೆಳಿಗ್ಗೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಕಿತ್ತಳೆ ಬಣ್ಣ ಇದ್ದರೆ ಹೋಟೆಲಿನಲ್ಲೇ ಕೂತು ಕಾಫಿ ಕುಡಿಯಿರಿ. ಕಳ್ಳತನದ ಕವರ್ ಪುಕ್ಕಟೆ ಕೊಟ್ಟರೆ ಸರಿ, ಅದಕ್ಕೆ ಅಂತ ಸುಮ್ನೆ ದುಡ್ಡು ಕೊಡಬೇಡಿ.

ನೀರಿನ ವಿಷಯಕ್ಕೆ ಬಂದರೆ ದುಡ್ಡು ಕೊಟ್ಟರೂ ರಕ್ಷಣೆ ಸಿಗುವುದು ಕಷ್ಟ. ಒಳನಾಡಿನ ಎಫ್ ರಸ್ತೆಗಳಿಗೆ (ಡಾಂಬರಿಲ್ಲದ ಬೆಟ್ಟದ ರಸ್ತೆಗಳು) ಫೋರ್ ವೀಲ್ ಡ್ರೈವ್ ಕಾರು ಬೇಕೇಬೇಕು. ಫೋರ್ ವೀಲ್ ಡ್ರೈವ್ ಇದ್ದರೂ, ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಯಾವ ಪ್ಯಾಕೇಜೂ ಕೈ ಹಿಡಿಯುವುದಿಲ್ಲ. ಲಾಂಡ್‌ಮನ್ನಲೌಗರ್‌ನಲ್ಲಿ (ಒಳನಾಡಿನ ಪ್ರವಾಸಿ ತಾಣ) ಹೊಳೆಗೆ ಮುಂಚೆಯೇ ಪಾರ್ಕಿಂಗ್ ಇದೆ, ಕಾಲುಸೇತುವೆಯೂ ಇದೆ. ಅಲ್ಲೇ ನಿಲ್ಲಿಸಿ ನಡೆದುಹೋಗಿ. ಅಥವಾ ಬೇಸಿಗೆಯಲ್ಲಿ ಓಡುವ ಬಸ್ಸು ಹಿಡಿಯಿರಿ.

ನೀವು ಕಟ್ಟಿದ ಎಕ್ಸೆಸ್ ವಾಪಸ್ ಕೊಡುವ ಇನ್ಶೂರೆನ್ಸನ್ನು ಹೊರಗಿನ ಕಂಪನಿಯಿಂದ ತೆಗೆದುಕೊಂಡರೆ ಅಗ್ಗ. ಆದರೆ ಹಾನಿಯಾದಾಗ ಬಾಡಿಗೆ ಕಂಪನಿಗೆ ಮೊದಲು ನೀವೇ ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಿ ವಾಪಸ್ ಪಡೆಯಬೇಕು. ಡೆಪಾಸಿಟ್ ಅಂತ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತವೂ ಬ್ಲಾಕ್ ಆಗಬಹುದು. ಕಾರ್ಡ್ ಡ್ರೈವರ್ ಹೆಸರಿನಲ್ಲೇ ಇರಲಿ, ಲಿಮಿಟ್ ಸಾಕಷ್ಟಿರಲಿ.

ಕಾರು ತೆಗೆದುಕೊಳ್ಳುವಾಗ, ಕೊಡುವಾಗ ಎರಡೂ ಸಲ ವಿಡಿಯೋ ಮಾಡಿ. ಗಾಜು, ಚಕ್ರದ ರಿಮ್, ಬಾಗಿಲಿನ ಕೀಲು ಎಲ್ಲ ಕಾಣಬೇಕು. ನಸುಕಿನಲ್ಲಿ ಕೀಲಿಯನ್ನು ಡಬ್ಬಕ್ಕೆ ಹಾಕಿ ವಿಮಾನ ಹತ್ತುವವರಾದರೆ ಮೊಬೈಲ್ ಟಾರ್ಚ್ ಹಾಕಿಕೊಂಡಾದರೂ ಮಾಡಿ. ಬ್ಲಾಕ್ ಆದ ಹಣ ಬಿಡುಗಡೆ ಆಗುವ ತನಕ ಆ ವಿಡಿಯೋ ಅಳಿಸಬೇಡಿ.