ಹೆರಳೆ ಗಿಡದ ಟೈಲರ್

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಚಿಕ್ಕಮಗಳೂರಿನ ಕೋಟೆ ಕಡೆ ನಮ್ಮ ಮನೆ. ಮುಂದಿನ ರೂಮಿನಲ್ಲಿ ಅಳತೆ ತೆಗೆಯುವುದು, ಹಿಂದಿನ ರೂಮಿನಲ್ಲಿ ಮಿಷನ್. ಮಿಷನ್ ಎದುರಿಗೆ ಕಿಟಕಿ, ಕಿಟಕಿಯಾಚೆ ಹಿತ್ತಲು. ಭಾರೀ ಹಿತ್ತಲೇನಲ್ಲ. ಉದ್ದಕ್ಕೆ ಎರಡು ಸೀರೆ ಹಾಸಿದರೆ ಮುಗಿಯಿತು. ಅಷ್ಟರಲ್ಲೇ ಒಂದು ಹೆರಳೆ ಗಿಡ, ಒಂದು ನುಗ್ಗೆ ಮರ, ಪರಂಗಿ, ನಾಲ್ಕು ದಾಸವಾಳ, ಬಟ್ಟೆ ಒಗೆಯುವ ಕಲ್ಲು.

ಹಕ್ಕಿಗಳನ್ನು ಕರೆಯುವ ಹುಚ್ಚು ಹಿಡಿದದ್ದು 2020ರ ಲಾಕ್‌ಡೌನ್‌ನಲ್ಲಿ. ಮದುವೆಗಳೆಲ್ಲ ನಿಂತು ಹೊಲಿಯೋಕೆ ಬಟ್ಟೆಯೇ ಇರಲಿಲ್ಲ. ಕಿಟಕಿ ಮಾತ್ರ ಇತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹಳೇ ಸ್ಟೀಲ್ ತಟ್ಟೆಗೆ ಅಕ್ಕಿ ನುಚ್ಚು, ನವಣೆ ಸುರಿದು ಕಾಂಪೌಂಡ್ ಮೇಲಿಟ್ಟೆ. ಗುಬ್ಬಿ ಬರುತ್ತೆ ಅಂದುಕೊಂಡಿದ್ದೆ, ಬಂದದ್ದು ಪಾರಿವಾಳ. ಅದೂ ಹಿಂಡು ಹಿಂಡು. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮೇಲೆಲ್ಲ ಹಿಕ್ಕೆ. ರಾತ್ರಿಯಾದರೆ ಹೆಗ್ಗಣ. ಹೆಗ್ಗಣದ ವಾಸನೆ ಹಿಡಿದು ಒಂದು ಕೇರೆ ಹಾವು. ನಮ್ಮ ಅತ್ತೆ ಕೊಪ್ಪದ ಕಡೆಯವರು, ಹಾವಿಗೆಲ್ಲ ಹೆದರುವವರಲ್ಲ. "ಎಂಥದು ಮಾರಾಯ್ತಿ, ಹಕ್ಕಿ ಕರೀತೀನಿ ಅಂತ ಹೇಳಿ ಇಡೀ ಕಾಡನ್ನೇ ಕರೆದ್ಯಲ್ಲ" ಅಂದರು. ತಟ್ಟೆ ಒಳಗೆ ಬಂತು.

ಕಾಳಿಗಿಂತ ನೀರೇ ವಾಸಿ ಅಂತ ಗೊತ್ತಾದದ್ದು ಆಮೇಲೆ. ಸಂತೆಯಿಂದ ಅಗಲವಾದ ಮಣ್ಣಿನ ತಟ್ಟೆ ತಂದೆ. ಎರಡು ಇಂಚಿಗಿಂತ ಜಾಸ್ತಿ ಆಳ ಇರಬಾರದು, ನಡುವೆ ಒಂದು ಕಲ್ಲು ಇಡಬೇಕು. ಸ್ಟೀಲ್ ತಟ್ಟೆ ಬಿಸಿಲಿಗೆ ಕಾಯುತ್ತೆ, ಪ್ಲಾಸ್ಟಿಕ್ ಆದರೆ ಕಾಲು ಜಾರುತ್ತೆ. ನೀರನ್ನು ದಿನಾ ಚೆಲ್ಲಿ ಹೊಸದು ತುಂಬಿಸಬೇಕು. ಒಂದು ವಾರ ಮರೆತರೆ ಹಕ್ಕಿ ಬದಲು ಸೊಳ್ಳೆ ಸಾಕಿದ ಹಾಗೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹರಟೆಮಲ್ಲಗಳು ಆರೇಳು ಒಟ್ಟಿಗೆ ಬರುತ್ತವೆ. ಜಗಳ ಆಡಿಕೊಂಡೇ ಸ್ನಾನ ಮಾಡುತ್ತವೆ. ಆಮೇಲೆ ಕೆಮ್ಮೀಸೆ ಪಿಕಳಾರದ ಜೋಡಿ, ತಲೆ ಮೇಲೆ ಜುಟ್ಟು ನಿಲ್ಲಿಸಿಕೊಂಡು. ಎಲ್ಲರೂ ಹೋಗಿ ಬೆಳಕು ಕಡಿಮೆಯಾದ ಮೇಲೆ ಮಡಿವಾಳ ಹಕ್ಕಿ. ಒಂದೇ ಬರುತ್ತೆ. ನಾನು ಲೈಟ್ ಹಾಕಿದರೆ ಹಾರಿಹೋಗುತ್ತೆ ಅಂತ ಆ ಹತ್ತು ನಿಮಿಷ ಕತ್ತಲಲ್ಲೇ ಕೂರುತ್ತೇನೆ. ಆಗ ಹುಕ್ ಹಾಕುವ ಕೆಲಸ ಮಾತ್ರ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು.

ಪರಂಗಿ ಮರದ ತುದಿಯ ಹಣ್ಣುಗಳನ್ನು ಕೀಳುವುದು ಬಿಟ್ಟೆ. ಅದು ಕುಟ್ರು ಹಕ್ಕಿಯ ಪಾಲು. ನುಗ್ಗೆ ಮರದ ಒಂದು ಕೊಂಬೆ ಒಣಗಿತ್ತು, ಕಡಿಸೋಣ ಅಂತಿದ್ದೆವು. ಒಂದು ದಿನ ನೋಡಿದರೆ ಕುಟ್ರು ಅದರಲ್ಲಿ ಗುಂಡಗೆ ತೂತು ಕೊರೆಯುತ್ತಿದೆ, ಕಾಜಾ ಮಾಡಿದಷ್ಟು ಅಚ್ಚುಕಟ್ಟಾಗಿ. ಹಸಿ ಮರ ಅದಕ್ಕೆ ಆಗುವುದಿಲ್ಲ, ಒಣಗಿ ಮೆತ್ತಗಾದ ಕೊಂಬೆಯೇ ಬೇಕು. ಕೊಂಬೆ ಈಗಲೂ ಇದೆ.

ಇನ್ನು ನನ್ನ ತಪ್ಪಿನ ಕಥೆ. ಟೈಲರ್ ಮನೆಯಲ್ಲಿ ದಾರದ ತುಂಡಿಗೇನು ಬರ? ಗೂಡು ಕಟ್ಟಲು ಹಕ್ಕಿಗಳಿಗೆ ಉಪಯೋಗ ಆಗುತ್ತೆ ಅಂತ ಈರುಳ್ಳಿ ಬಲೆಚೀಲದಲ್ಲಿ ತುಂಬಿ ದಾಸವಾಳಕ್ಕೆ ನೇತುಹಾಕಿದೆ. ಬಣ್ಣ ಬಣ್ಣದ ಪಾಲಿಯೆಸ್ಟರ್ ದಾರ. ಪಿಕಳಾರ ಬಂದು ಎಳೆದುಕೊಂಡು ಹೋದಾಗ ನನಗೆ ಹಿಗ್ಗೋ ಹಿಗ್ಗು. ಫೋಟೊ ತೆಗೆದು ಸ್ಟೇಟಸ್ ಬೇರೆ ಹಾಕಿದ್ದೆ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ದಾಸವಾಳದ ಒಳಗಿಂದ ಒಂದೇ ಸಮ ಕಿರುಚಾಟ. ಹೋಗಿ ನೋಡಿದರೆ ರೆಕ್ಕೆ ಬಲಿಯುತ್ತಿದ್ದ ಮರಿಯೊಂದು ಗೂಡಿನಿಂದ ಹೊರಗೆ ತಲೆಕೆಳಗಾಗಿ ನೇತಾಡುತ್ತಿದೆ. ಕಾಲಿಗೆ ಸುತ್ತಿಕೊಂಡದ್ದು ಗುಲಾಬಿ ದಾರ. ಯಾವ ಬ್ಲೌಸಿನದು ಅಂತಲೂ ನನಗೆ ಗೊತ್ತಿತ್ತು. ನಾರಾಗಿದ್ದರೆ ಇಷ್ಟರಲ್ಲಿ ಹರಿದಿರುತ್ತಿತ್ತು. ಪಾಲಿಯೆಸ್ಟರ್ ಹರಿಯುತ್ತಾ? ಗಟ್ಟಿ ದಾರ ಅಂತ ನಾನೇ ಆರಿಸಿ ತರುವುದಲ್ವಾ. ದಾರ ಕತ್ತರಿಸುವ ಸಣ್ಣ ಕಟ್ಟರ್ ತಂದೆ. ಬಿಗಿದು ಬಿಗಿದು ಕಾಲಿನ ಚರ್ಮದೊಳಗೇ ಕೂತಿತ್ತು. ಅತ್ತೆ ಮರಿಯನ್ನು ಸೆರಗಿನಲ್ಲಿ ಹಿಡಿದುಕೊಂಡರು, ನಾನು ಒಂದೊಂದೇ ಸುತ್ತು ಬಿಡಿಸಿದೆ. ಇಪ್ಪತ್ತು ವರ್ಷದಲ್ಲಿ ಅಷ್ಟು ಕೈ ನಡುಗಿದ್ದಿಲ್ಲ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುತ್ತಾರಲ್ಲ, ಅದು ಸುಳ್ಳು. ಗೂಡಿಗೆ ವಾಪಸ್ ಇಟ್ಟು ಒಳಗೆ ಬಂದು ಹತ್ತು ನಿಮಿಷ ಆಗಿರಲಿಲ್ಲ, ತಾಯಿ ಬಾಯಲ್ಲಿ ಹುಳ ಕಚ್ಚಿಕೊಂಡು ಹಾಜರ್. ಬಲೆಚೀಲ ಅವತ್ತೇ ಕಸಕ್ಕೆ ಹೋಯಿತು. ಈಗ ಹೊರಗೆ ಒಂದು ಎಳೆ ದಾರ ಬಿದ್ದರೂ ಹೆಕ್ಕುತ್ತೇನೆ.

ಟುವ್ವಿ ಹಕ್ಕಿ ಬಂದದ್ದು ಮರು ವರ್ಷದ ಜುಲೈನಲ್ಲಿ. ಕೆಲವರು ದರ್ಜಿ ಹಕ್ಕಿ ಅಂತಾರೆ. ಹತ್ತು ಗ್ರಾಂ ತೂಗಿದರೆ ಹೆಚ್ಚು, ಗಂಟಲು ಮಾತ್ರ ಬೀದಿಗೆಲ್ಲ ಕೇಳುವಷ್ಟು. ಕಿಟಕಿಯಿಂದ ನಾಲ್ಕು ಅಡಿ ದೂರದಲ್ಲಿ ಹೆರಳೆ ಗಿಡದ ಎರಡು ಅಗಲ ಎಲೆಗಳನ್ನು ಹತ್ತಿರ ಎಳೆದುಕೊಂಡಿತು. ಕೊಕ್ಕಿನಿಂದ ಅಂಚಿಗೆ ಚುಚ್ಚಿ ತೂತು. ಆ ತೂತಿನಿಂದ ಎಳೆ ತೂರಿಸಿ, ಆಚೆ ಹೋಗಿ ಎಳೆದು, ತುದಿಯನ್ನು ಉಬ್ಬಿಸಿ ಬಿಟ್ಟಿತು. ಆ ಉಬ್ಬೇ ಅದರ ಗಂಟು, ಮತ್ತೆ ಹಿಂದಕ್ಕೆ ಜಾರುವುದಿಲ್ಲ. ನಾನು ಒಂದೇ ದಾರದಲ್ಲಿ ಓಡುವ ಹೊಲಿಗೆ ಅಂದುಕೊಂಡಿದ್ದೆ. ಅಲ್ಲ. ಒಂದೊಂದು ಹೊಲಿಗೆಯೂ ಬೇರೆ ಬೇರೆ. ಒಂದು ಬಿಚ್ಚಿದರೂ ಉಳಿದವು ಬಿಚ್ಚುವುದಿಲ್ಲ. ರೆಡಿಮೇಡ್ ಬಟ್ಟೆಯವರಿಗೆ ಇದನ್ನು ತೋರಿಸಬೇಕು. ಎಲೆಯನ್ನು ಗಿಡದಿಂದ ಕೀಳದ ಕಾರಣ ಅದು ಹಸಿರಾಗೇ ಉಳಿಯುತ್ತೆ, ಗೂಡು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೇ ದಿನಕ್ಕೆ ಜೋಳಿಗೆ ಸಿದ್ಧ.

ಎಳೆ ಎಲ್ಲಿಂದ ತರುತ್ತೆ ಅಂತ ಕಣ್ಣಿಟ್ಟು ನೋಡಿದೆ. ಹತ್ತಿ, ಹಿಂಬಾಗಿಲ ಬಳಿ ಬಿಸಾಡಿದ್ದ ಹರಿದ ದಿಂಬಿನದು. ಇನ್ನೊಂದು ಜೇಡರ ಬಲೆ, ಬಚ್ಚಲಿನ ವೆಂಟಿಲೇಟರ್‌ನದು. ಆ ಬಲೆ ಹೊಡೆದಿಲ್ಲ ಅಂತ ಅತ್ತೆ ನನಗೆ ಮೂರು ತಿಂಗಳಿಂದ ಹೇಳುತ್ತಿದ್ದರು.

ಮೊಟ್ಟೆಗೆ ಕಾವು ಹನ್ನೆರಡು ದಿನ, ಮರಿಗಳು ಹಾರಲು ಇನ್ನೆರಡು ವಾರ. ಅಷ್ಟೂ ದಿನ ಬ್ಲೌಸ್‌ಗಳು ತಡ. ಅಳತೆ ಕೊಡಲು ಬಂದ ಒಬ್ಬರ ಮಗ ಮರಿಯನ್ನು ಮನೆಗೆ ಒಯ್ಯುತ್ತೇನೆ ಅಂತ ಹಟ ಹಿಡಿದ. ನಮ್ಮ ದೇಶದ ಕಾಡುಹಕ್ಕಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಪೊಲೀಸರು ಬರುತ್ತಾರೆ ಅಂದೆ. ಬದಲಿಗೆ ಕಿಟಕಿ ಹತ್ತಿರ ಸ್ಟೂಲ್ ಹಾಕಿಕೊಟ್ಟೆ. ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ನಡೆಯುತ್ತೆ, ಹದಿನೈದು ನಿಮಿಷ ಕೂತು ಕಂಡ ಹಕ್ಕಿಗಳನ್ನು ಎಣಿಸಿ ಬರೆಯುವುದು. ಅವನು ಅದಕ್ಕೂ ಬಂದ. ಅದೇ ಸ್ಟೂಲ್ ಮೇಲೆ ಕೂತು ಹನ್ನೊಂದು ಜಾತಿ ಎಣಿಸಿದ. ಅದರಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಅವನೇ ಮೊದಲು ನೋಡಿದ್ದು.

ಗೌರಿ ಹಬ್ಬದ ಮುಂಚೆ ಅತ್ತೆ ಉದ್ದ ಪೊರಕೆ ಹಿಡಿದು ಧೂಳು ಹೊಡೆದರು. ಸೂರು, ಮೂಲೆ, ದೇವರ ಕೋಣೆ, ಎಲ್ಲ. ನಾನು ಹಬ್ಬದ ಬ್ಲೌಸ್‌ಗಳ ರಾಶಿಯಲ್ಲಿ ಮುಳುಗಿದ್ದೆ. ಸಂಜೆ ಕಾಲು ತೊಳೆಯಲು ಬಚ್ಚಲಿಗೆ ಹೋಗಿ ಮೇಲೆ ನೋಡಿದೆ. ವೆಂಟಿಲೇಟರ್‌ನ ಬಲೆ ಹಾಗೇ ಇತ್ತು.