ಕುಂಕುಮ ಹತ್ತಿದ ಐಡಿ ಕಾರ್ಡ್

ಇವತ್ತು ಹಾಸನಾಂಬೆ ದರ್ಶನದ ಲೈನಿನಲ್ಲಿ ಮೂರು ಗಂಟೆ.

ನನ್ನ ಮುಂದಿದ್ದವರು ಇಲ್ಲಿನ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ, ಎಂಸಿಎಫ್‌ನವರು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇತ್ತು. ಅದರ ಪ್ಲಾಸ್ಟಿಕ್ ಮೇಲೆ ಒಂದು ಬೆರಳಗಲ ಕುಂಕುಮ. ಆಯುಧಪೂಜೆ ದಿನ ಮಗಳು ಹಚ್ಚಿದ್ದಂತೆ, ಒರೆಸಲು ಮನಸ್ಸಾಗಿಲ್ಲ.

ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹ ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳುವ ಜನ. ಬಂದಿರುವುದು ಬಾಗಿಲು ಮುಚ್ಚಿದ ಗುಡಿಯೊಳಗೆ ವರ್ಷವಿಡೀ ಆರುವುದಿಲ್ಲ ಎನ್ನುವ ದೀಪ ನೋಡಲು.

ಸುಮ್ನೆ ಲೆಮೈತ್ರ್ ನೆನಪಾದರು. ಬೆಲ್ಜಿಯಂನ ಪಾದ್ರಿ, ಭೌತವಿಜ್ಞಾನಿ ಕೂಡ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ಈ ವಿಜ್ಞಾನವೇ ದೇವರ ಸೃಷ್ಟಿಗೆ ಸಾಕ್ಷಿ ಎಂಬಂತೆ ಮಾತಾಡಿದರು. ಖುಷಿಪಡಬೇಕಾದವರು ಪಾದ್ರಿಯಾದ ಲೆಮೈತ್ರ್ ಅಲ್ವಾ? ಇವರಿಗೇ ಇರಿಸುಮುರಿಸು! ವಿಜ್ಞಾನ, ನಂಬಿಕೆ ಎರಡನ್ನೂ ಎಳೆದು ಹೊಲಿಯುವ ದೊಡ್ಡ ದೊಡ್ಡ ವಾದಗಳಿಗಿಂತ ನನಗೆ ಆ ಇರಿಸುಮುರಿಸೇ ಜಾಸ್ತಿ ಹಿಡಿಸುತ್ತದೆ.

ತಡೆಯಲಾಗದೆ ಕೇಳಿದೆ, "ಸಾರ್, ದೀಪ ನಿಜವಾಗ್ಲೂ ಆರಲ್ವಾ?"

ಅವರು ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಂಡರು.

"ಲೈನ್ ಮುಂದೆ ಹೋಯ್ತು, ನಡೀರಿ."