ನಿನ್ನ ಮನೆಯಲ್ಲಿ ಏನಿದೆ?

ನಮ್ಮ ಊಟದ ಮೇಜಿಗೆ ಒಂದು ಖಾನೆಯಿದೆ. 2021ರ ಮಳೆಗಾಲದಲ್ಲಿ ಅದರೊಳಗೆ ಹನ್ನೊಂದು ಲಕೋಟೆಗಳು ಒಡೆಯದೆ ಬಿದ್ದಿದ್ದವು. ಹನ್ನೊಂದೂ ಬ್ಯಾಂಕಿನಿಂದ ಬಂದವು. ಅಂಚೆಯವರು ಕೊಟ್ಟ ಕೂಡಲೇ ನಾನು ಅವನ್ನು ಅಲ್ಲಿ ತುರುಕಿ, ಮೇಲೆ ನಮ್ಮ ಚರ್ಚಿನ ಸಭೆಯ ಹಳೆಯ ಕ್ಯಾಲೆಂಡರನ್ನು ಹೊದಿಸಿಬಿಡುತ್ತಿದ್ದೆ. ಫೋನಿಗೆ ಬ್ಯಾಂಕಿನ ಸಂದೇಶ ಬಂದರೆ ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತಿತ್ತು. ಹಣವೇ ಇಲ್ಲದವನಿಗೆ ಹಣದ ಭಯವಿರುವುದು ಸಹಜ; ಆದರೆ ನನಗೆ ಸಂಬಳ ಬರುತ್ತಿತ್ತು, ಮನೆಯಲ್ಲಿ ಅಕ್ಕಿಯಿತ್ತು, ಭಾನುವಾರ ಆರಾಧನೆಗೆ ಇಸ್ತ್ರಿ ಮಾಡಿದ ಅಂಗಿಯೂ ಇತ್ತು. ಆದರೂ ಕಳ್ಳನಂತೆ ನನ್ನ ಮನೆಯಲ್ಲೇ ಅಡಗಿಕೊಂಡು ಬದುಕುತ್ತಿದ್ದೆ.

ಈ ಭಯ ನನಗೆ ಹೊಸದಾಗಿ ಬಂದದ್ದಲ್ಲವೆಂದು ಈಗ ಅನಿಸುತ್ತದೆ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಹೊಂದಿ ಕ್ರೈಸ್ತರಾದ ಅನೇಕರು ಕುಟುಂಬದ ಆಸ್ತಿಯ ಪಾಲನ್ನೂ, ತಲೆತಲಾಂತರದ ಕಸುಬನ್ನೂ ಒಂದೇ ದಿನ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿಯೇ ಮಿಷನ್ ನೇಯ್ಗೆಯನ್ನು ಆರಂಭಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ನಮ್ಮ ಮನೆತನದಲ್ಲಿ ಮೂರು ತಲೆಮಾರು ಹೆಂಚಿನ ಮಣ್ಣು ತುಳಿದಿದೆ. ನನ್ನ ತಂದೆ ಕೆಲಸಕ್ಕಿದ್ದ ಕಾರ್ಖಾನೆ, ಕಾಂಕ್ರೀಟಿನ ತಾರಸಿ ಬಂದು ಹೆಂಚಿಗೆ ಬೇಡಿಕೆ ಇಳಿದ ಮೇಲೆ, ಒಂದು ಶನಿವಾರ ಬಟವಾಡೆ ಕೊಟ್ಟು ಸೋಮವಾರ ಬಾಗಿಲು ತೆರೆಯಲಿಲ್ಲ. ಅಂದಿನಿಂದ ಅಪ್ಪ ಮನೆಯಲ್ಲಿ ಹಣದ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಾನು ಕಲಿತದ್ದು ಅದನ್ನೇ: ಹಣದ ವಿಷಯ ಬಂದರೆ ಎದ್ದು ಹೋಗಬೇಕು.

2020ರಲ್ಲಿ ನಾನಿದ್ದ ಸಂಸ್ಥೆ ಕೆಲವು ತಿಂಗಳು ಅರ್ಧ ಸಂಬಳ ಕೊಟ್ಟಿತು. ಆ ಅರ್ಧವನ್ನು ನಾನು ಕ್ರೆಡಿಟ್ ಕಾರ್ಡಿನಿಂದ ತುಂಬಿಸಿದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಪೂರ್ಣ ಸಂಬಳ ಮರಳಿ ಬಂದ ಮೇಲೂ ಕಾರ್ಡು ನಿಲ್ಲಲಿಲ್ಲ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಒಂದು ದಯಾಳುವಾದ ಸಾಲಿರುತ್ತದೆ. ಅಷ್ಟನ್ನು ಕಟ್ಟಿದರೆ ತಿಂಗಳು ದಾಟುತ್ತಿತ್ತು, ನಾನು ಅದನ್ನೇ ದೇವರ ಕೃಪೆಯೆಂದು ಎಣಿಸುತ್ತಿದ್ದೆ.

ಅದೇ ಕಾಲದಲ್ಲಿ ಮಾಡಿದ ಎರಡು ಮೂರ್ಖತನಗಳನ್ನು ಹೇಳಿಬಿಡಬೇಕು. ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರೊಬ್ಬರು, ಬೀಜದ ಕಾಣಿಕೆ ಹಾಕಿದವನ ಸಾಲವನ್ನು ಕರ್ತನು ವರ್ಷದೊಳಗೆ ತೀರಿಸುವನೆಂದು ಸಾರಿದರು. ನಾನು ಸಾಲದ ಹಣದಲ್ಲೇ 5,000 ಕೊಟ್ಟೆ. ಅದು ಕಾಣಿಕೆಯಾಗಿರಲಿಲ್ಲ, ಲಾಟರಿ ಚೀಟಿಯಾಗಿತ್ತು. ದಶಮಾಂಶ ಕೊಡದವರು ದೇವರನ್ನು ವಂಚಿಸುತ್ತಾರೆನ್ನುವ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಬಡವರ ಮುಂದೆ ಬೆದರಿಕೆಯಂತೆ ಓದುವವರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಒತ್ತಾಯದಿಂದ ಕೊಡಬಾರದು, ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆಂದು ಕೊರಿಂಥದವರಿಗೆ ಪೌಲನು ಬರೆದದ್ದು ಅವರ ಬೈಬಲಿನಲ್ಲಿ ಇಲ್ಲವೇನೋ. ಎರಡನೆಯದು ಇನ್ನೂ ನಾಚಿಕೆಗೇಡಿನದು. ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಆರಾಧನೆ ಮುಗಿದ ಮೇಲೆ ತೆಂಗಿನಕಾಯಿ, ಸುವರ್ಣಗಡ್ಡೆ, ಕೋಳಿ ಎಲ್ಲವೂ ಏಲಂ ಆಗುತ್ತವೆ. ಆ ವರ್ಷ ಒಂದು ಬಾಳೆಗೊನೆಯನ್ನು ನಾನು 3,000ಕ್ಕೆ ಕೂಗಿ ಕೊಂಡೆ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಬರಿದಾಗಿದೆಯೆಂದು ಯಾರಿಗೂ ಗೊತ್ತಾಗಬಾರದೆಂಬ ಒಂದೇ ಕಾರಣಕ್ಕೆ ಆ ಗೊನೆ ನಮ್ಮ ಮನೆಗೆ ಬಂದಿತು. ಅರ್ಧ ಹಣ್ಣು ಕೊಳೆತು ಹೋಯಿತು.

ಜುಲೈ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿತ್ತು. ಕುಟುಂಬ ಪ್ರಾರ್ಥನೆಯಲ್ಲಿ ಓದುವ ಸರದಿ ನನ್ನ ಹೆಂಡತಿಯದಾಗಿತ್ತು, ಆ ದಿನದ ಭಾಗ ಬೈಬಲಿನ ಎರಡನೆಯ ಅರಸುಗಳ ಪುಸ್ತಕದ ನಾಲ್ಕನೆಯ ಅಧ್ಯಾಯ. ಪ್ರವಾದಿಮಂಡಳಿಯವನೊಬ್ಬನ ವಿಧವೆ ಪ್ರವಾದಿ ಎಲೀಷನ ಬಳಿ ಬಂದು, ಸಾಲ ಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆಂದು ಮೊರೆಯಿಡುತ್ತಾಳೆ. ಎಲೀಷನು ಅವಳಿಗೆ ಪ್ರಾರ್ಥನೆ ಮಾಡೆಂದು ಹೇಳುವುದಿಲ್ಲ, ಧೈರ್ಯವಾಗಿರೆಂದೂ ಹೇಳುವುದಿಲ್ಲ. ನಿನ್ನ ಮನೆಯಲ್ಲಿ ಏನಿದೆಯೆಂದು ಕೇಳುತ್ತಾನೆ. ಒಂದು ಮೊಗೆ ಎಣ್ಣೆಯ ಹೊರತು ಏನೂ ಇಲ್ಲವೆಂದು ಅವಳು ಹೇಳುತ್ತಾಳೆ. ಅಷ್ಟಕ್ಕೆ ಹೆಂಡತಿ ಓದುವುದನ್ನು ನಿಲ್ಲಿಸಿ, ಮೇಣದಬತ್ತಿಯ ಆಚೆಯಿಂದ ನನ್ನನ್ನು ನೋಡಿ, “ನಮ್ಮ ಮನೆಯಲ್ಲಿ ಏನಿದೆ, ಹೇಳಿ” ಎಂದಳು. ಖಾನೆಯ ವಿಷಯ ಅವಳಿಗೆ ಬಹಳ ದಿನಗಳಿಂದ ಗೊತ್ತಿತ್ತು.

ಆ ರಾತ್ರಿ ಮೀನು ಕತ್ತರಿಸುವ ಚೂರಿಯಿಂದಲೇ ಅವಳು ಹನ್ನೊಂದು ಲಕೋಟೆಗಳನ್ನೂ ಸೀಳಿದಳು. ಮಗಳ ಹಳೆಯ ಲೆಕ್ಕದ ಪುಸ್ತಕದ ಉಳಿದ ಹಾಳೆಗಳಲ್ಲಿ ಒಂದು ಕಡೆ ಇರುವುದನ್ನು, ಇನ್ನೊಂದು ಕಡೆ ಕೊಡಬೇಕಾದುದನ್ನು ಬರೆದೆವು. ಕಾರ್ಡಿನ ಬಾಕಿ ಸರಿಸುಮಾರು 1,20,000 ಇತ್ತು. ಬಡ್ಡಿ ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ನಾನು ಪ್ರತಿ ತಿಂಗಳು ನಿಟ್ಟುಸಿರಿಟ್ಟು ಕಟ್ಟುತ್ತಿದ್ದ 6,000ದಲ್ಲಿ 4,200 ಬಡ್ಡಿಗೆ, ಆ ಬಡ್ಡಿಯ ಮೇಲಿನ ಶೇಕಡಾ 18ರ ಜಿಎಸ್‌ಟಿಗೆ 756 ಹೋಗಿ, ಅಸಲಿಗೆ ಸೇರುತ್ತಿದ್ದದ್ದು 1,044 ಮಾತ್ರ. ಲೆಕ್ಕ ಕಾಗದದ ಮೇಲೆ ಬಂದಾಗ ನನಗೆ ಅಳು ಬಂದಿತು. ಆಶ್ಚರ್ಯವೆಂದರೆ, ಭಯ ಆಗಲೇ ಸ್ವಲ್ಪ ಇಳಿದಿತ್ತು. ನನ್ನ ತಲೆಯೊಳಗೆ ಆ ಸಾಲಕ್ಕೆ ತಳವಿರಲಿಲ್ಲ. ಕಾಗದದಲ್ಲಿ ಅದು ಆರು ಅಂಕೆಗಳ ಒಂದು ಮೊತ್ತವಾಗಿ ನಿಂತಿತ್ತು.

ನಮ್ಮ ಮನೆಯ ಎಣ್ಣೆಯ ಮೊಗೆಯೆಂದರೆ ಹೆಂಡತಿಯ ನಾಲ್ಕು ಬಳೆಗಳು, ಒಟ್ಟು ಐದು ಪವನ್. ಮರುವಾರ ಅವನ್ನು ಸಹಕಾರಿ ಸಂಘದಲ್ಲಿ ವರ್ಷಕ್ಕೆ ಶೇಕಡಾ 11ರ ಬಡ್ಡಿಗೆ ಅಡವಿಟ್ಟು ಕಾರ್ಡಿನ ಬಾಕಿಯನ್ನು ಒಂದೇ ಸಲ ತೀರಿಸಿದೆವು. ಮೊದಲ ತಿಂಗಳ ಬಡ್ಡಿ 1,100 ಆಯಿತು. ಸಂಘದ ಕಟ್ಟೆಯಲ್ಲಿ ಸರದಿಗೆ ಕಾಯುತ್ತಿದ್ದಾಗ ಪರಿಚಯದವರೊಬ್ಬರು ಕಂಡು ಮುಗುಳ್ನಕ್ಕರು, ನಾನು ನೆಲ ನೋಡಿದೆ, ಹೆಂಡತಿ ಮಾತ್ರ ಅವರಿಗೆ ನಮಸ್ಕಾರ ಹೇಳಿದಳು. ತಿಂಗಳಿಗೆ ಸುಮಾರು 7,300ರಂತೆ ಹದಿನೆಂಟು ತಿಂಗಳು ಕಟ್ಟಿ ಬಳೆಗಳನ್ನು ಬಿಡಿಸಿಕೊಂಡೆವು. ಎಲೀಷನ ಕಥೆಯಲ್ಲಿ ನೆರೆಹೊರೆಯಿಂದ ಎರವಲು ತಂದ ಪಾತ್ರೆಗಳೆಲ್ಲ ಆ ಒಂದು ಮೊಗೆಯ ಎಣ್ಣೆಯಿಂದಲೇ ತುಂಬಿದ ಮೇಲೂ ಅವನು ಆ ಹೆಂಗಸಿಗೆ ಹೇಳುವ ಮಾತು ಬಹಳ ಲೌಕಿಕವಾದದ್ದು: ಹೋಗಿ ಎಣ್ಣೆ ಮಾರು, ಸಾಲ ತೀರಿಸು, ಉಳಿದುದರಲ್ಲಿ ನೀನೂ ಮಕ್ಕಳೂ ಬದುಕಿ. ಅದ್ಭುತ ದೇವರದು, ಮಾರುಕಟ್ಟೆಗೆ ನಡೆಯುವ ಕೆಲಸ, ಸಾಲ ಕೊಟ್ಟವನ ಮುಖ ನೋಡುವ ಕೆಲಸ ಅವಳದು.

ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಒಂದು ಒಳ್ಳೆಯ ಪದವಿದೆ. ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವನು, ಮನೆಯ ವಾರ್ತೆಯೆಲ್ಲ ತಿಳಿದವನು. ಅವನು ನಂಬಿಗಸ್ತನಾಗಿರಬೇಕೆಂದು ಪೌಲನು ಕೇಳುತ್ತಾನೆ; ಶ್ರೀಮಂತನಾಗಿರಬೇಕೆಂದು ಎಲ್ಲೂ ಇಲ್ಲ. ನಾನು ಆ ವರ್ಷವೆಲ್ಲ ತಲಾಂತುಗಳ ಸಾಮ್ಯವನ್ನು, ಅಂದರೆ ಯಜಮಾನನೊಬ್ಬನು ದೂರ ಹೋಗುವಾಗ ಮೂವರು ಆಳುಗಳಿಗೆ ಹಣ ಒಪ್ಪಿಸಿದ ಯೇಸುವಿನ ಕಥೆಯನ್ನು, ಮತ್ತೆ ಮತ್ತೆ ಓದಿದೆ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ದ್ರಾಕ್ಷಾತೋಟದ ಕೂಲಿಗೆ ದಿನಕ್ಕೊಂದು ದಿನಾರಿಯೆಂದು ಮತ್ತಾಯನೇ ಬರೆಯುತ್ತಾನೆ. ಅಂದರೆ ಒಂದೇ ತಲಾಂತು ಪಡೆದ ಮೂರನೆಯ ಆಳು ಮಣ್ಣಿನಲ್ಲಿ ಹೂತಿಟ್ಟದ್ದು ಇಪ್ಪತ್ತು ವರ್ಷಗಳ ಕೂಲಿಯನ್ನು. ಅವನನ್ನು ಸೋಮಾರಿಯೆಂದು ಉಪದೇಶಗಳಲ್ಲಿ ಕೇಳಿ ಕೇಳಿ, ಅವನು ತಾನೇ ಕೊಡುವ ಕಾರಣವನ್ನು ನಾನು ಗಮನಿಸಿರಲಿಲ್ಲ: ತಾನು ಹೆದರಿದೆನೆಂದು ಅವನು ಹೇಳುತ್ತಾನೆ. ಯಜಮಾನನನ್ನು ಕಠಿಣನೆಂದು ತಿಳಿದವನು ಹಣವನ್ನು ಹೂಳುತ್ತಾನೆ. ನಾನು ಲಕೋಟೆಗಳನ್ನು ಹೂಳಿದ್ದೆ. ದೇವರನ್ನು ತಂದೆಯೆಂದು ಬಾಯಲ್ಲಿ ಕರೆಯುತ್ತಲೇ, ತಪ್ಪು ಸಿಕ್ಕರೆ ಹೊರಗೆ ಹಾಕುವ ಲೆಕ್ಕಾಧಿಕಾರಿಯಂತೆ ಮನಸ್ಸಿನಲ್ಲಿ ಕೂರಿಸಿದ್ದೆನೆಂದು ಒಪ್ಪಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು.

ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿರೆಂಬ ಕರ್ತನ ಮಾತನ್ನು ಹಿಡಿದು, ಉಳಿತಾಯವೇ ಅಪನಂಬಿಕೆಯೆಂದು ವಾದಿಸುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು, ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನವೂ ಕೊಟ್ಟ ಆಹಾರವಾದ ಮನ್ನದ ಕಥೆಯನ್ನು ಪೂರ್ತಿ ಓದಿರೆಂದು ಹೇಳುತ್ತೇನೆ. ಮರುದಿನಕ್ಕೆಂದು ಇಟ್ಟ ಮನ್ನಕ್ಕೆ ಹುಳ ಬಿತ್ತು, ನಿಜ. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿಡಿರೆಂದು ಹೇಳಿದ್ದೂ ಅದೇ ದೇವರು, ವಿಶ್ರಾಂತಿಯ ಸಬ್ಬತ್ ದಿನಕ್ಕೆ ಉಳಿದದ್ದು ಕೆಡಲಿಲ್ಲ. ಐಗುಪ್ತದಲ್ಲಿ ಯೋಸೇಫನು ಬರಲಿದ್ದ ಬರಗಾಲಕ್ಕೆಂದು ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದನು.

ಈಗ ಪ್ರತಿ ತಿಂಗಳ ಎರಡನೆಯ ಶನಿವಾರ ನಾವಿಬ್ಬರೂ ಆ ಲೆಕ್ಕದ ಪುಸ್ತಕದ ಮುಂದೆ ಕೂರುತ್ತೇವೆ. ಮೊದಲ ಸಾಲು ಕಾಣಿಕೆಯದು. ಸಾಲವಿದ್ದ ಕಾಲದಲ್ಲಿ ಅದು ಸಣ್ಣದಾಗಿತ್ತು, ಸಭಾಪಾಲಕರಿಗೆ ಹೇಳಿಯೇ ಸಣ್ಣದಾಗಿಸಿದ್ದೆವು, ಅವರು ಒಂದು ಮಾತೂ ಆಡಲಿಲ್ಲ. ಅಂಚೆ ಕಚೇರಿಯ ಆರ್‌ಡಿ, ಮಗಳ ಕಾಲೇಜಿನ ಹಣ, ಆರೋಗ್ಯ ವಿಮೆಯ ಕಂತು ಆಮೇಲೆ ಬರುತ್ತವೆ. ಆರು ತಿಂಗಳ ಖರ್ಚಿನಷ್ಟು ಮೊತ್ತವನ್ನು ಬೇರೊಂದು ಖಾತೆಯಲ್ಲಿ ಇಡಬೇಕೆಂದು ಹೊರಟೆವು, ಇನ್ನೂ ನಾಲ್ಕಕ್ಕೇ ಬಂದಿದ್ದೇವೆ. ಠೇವಣಿಯಿಟ್ಟ ಬ್ಯಾಂಕು ಮುಳುಗಿದರೆ ಏನು ಗತಿಯೆಂದು ಅಮ್ಮ ಒಮ್ಮೆ ನಿದ್ದೆಗೆಟ್ಟಾಗ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯಿದೆ, 2020ಕ್ಕಿಂತ ಮೊದಲು ಅದು 1 ಲಕ್ಷವಾಗಿತ್ತೆಂದು ಬಿಡಿಸಿ ಹೇಳಿದೆ. ಯಾರಿಗೂ ಜಾಮೀನು ನಿಲ್ಲುವುದಿಲ್ಲವೆಂಬುದೂ ಪುಸ್ತಕದ ಒಳರಟ್ಟಿನಲ್ಲಿ ಬರೆದಿದೆ. ಬೈಬಲಿನ ಜ್ಞಾನೋಕ್ತಿಗಳು ಅದನ್ನು ಹಲವು ಸಲ ಎಚ್ಚರಿಸುತ್ತವೆ. ಆದರೂ ಕಳೆದ ವರ್ಷ ದಾಯಾದಿಯೊಬ್ಬರು ಕೇಳಿದಾಗ ಇಲ್ಲವೆನ್ನಲು ನನ್ನ ನಾಲಿಗೆ ಒಣಗಿತ್ತು, ಅವರು ಇಂದಿಗೂ ನಮ್ಮ ಮನೆಗೆ ಬರುವುದಿಲ್ಲ.

ಫೋನಿನ ಆ ಸದ್ದಿಗೆ ಹೊಟ್ಟೆ ಈಗಲೂ ಒಂದು ಗಳಿಗೆ ಕುಸಿಯುತ್ತದೆ. ಆದರೆ ಸಂದೇಶವನ್ನು ತೆರೆದು ಓದುತ್ತೇನೆ, ಮಗಳೂ ಪಕ್ಕದಿಂದ ಇಣುಕುತ್ತಾಳೆ.

ಈ ಸಲದ ಸುಗ್ಗಿ ಹಬ್ಬಕ್ಕೆ ಪುಸ್ತಕದಲ್ಲಿ ‘ಏಲಂ: 500’ ಎಂದು ಮೊದಲೇ ಬರೆದುಕೊಂಡು ಹೋಗಿದ್ದೆವು. ಬಾಳೆಗೊನೆ ಮೇಲೆ ಬಂದಿತು. ನಾನು 400 ಎಂದೆ, 500 ಎಂದೆ, ಹಿಂದಿನ ಸಾಲಿನಿಂದ 650 ಎಂದು ಕೂಗು ಬಂದಿತು. ಏಲಂ ಕೂಗುವವರು ಹಳೆಯ ನೆನಪಿನಿಂದ ನನ್ನನ್ನೇ ನೋಡುತ್ತಾ ನಿಂತರು. ನಾನು ತಲೆಯಾಡಿಸಿದೆ. ಕೊನೆಗೆ ಒಂದು ಮಂಗಳೂರು ಸೌತೆಕಾಯಿ 140ಕ್ಕೆ ನಮ್ಮ ಪಾಲಾಯಿತು, ಅದರ ಸಾಂಬಾರು ಎರಡು ದಿನ ಬಂದಿತು.